ಟಿಬಿ ಬಂದ ಮನೆಗೆ ಹೋಗುವ ಮುನ್ನ: ಆಶಾ, ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ನರ್ಸ್‌ಗಳಿಗೆ ಕೆಲಸದ ಮಾತು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಟಿಬಿ ಹೆಸರು ಕೇಳದವರು ಈಗ ಕಡಿಮೆ. ಕೆಮ್ಮು ಬರುತ್ತದೆ ಅಂತ ಗೊತ್ತು, ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಅಂತಲೂ ಗೊತ್ತು. ಅಷ್ಟು ಗೊತ್ತಿದ್ದೂ ರೋಗಿಯ ಗಂಗಾಳ, ತಂಬಿಗೆ ಬೇರೆಯಾಗುತ್ತವೆ, ಸೊಸೆ ತವರಿಗೆ ಹೋಗುತ್ತಾಳೆ, ಮೂರನೇ ತಿಂಗಳಿಗೆ ಗುಳಿಗೆ ನಿಲ್ಲುತ್ತದೆ. ಗೋಡೆಗೆ ಇನ್ನೊಂದು ಪೋಸ್ಟರ್ ಅಂಟಿಸಿದರೆ ಇದು ಸರಿಹೋಗುವುದಿಲ್ಲ. ಈ ಜಡ್ಡಿಗೆ ಎಷ್ಟು ಹೆದರಬೇಕು, ಎಷ್ಟು ನಾಚಬೇಕು ಎಂಬುದನ್ನು ರೋಗಿ ಮೊದಲು ಕಲಿಯುವುದು ದವಾಖಾನೆಯ ಚೀಟಿ ಕಿಟಕಿಯಲ್ಲಿ, ಅಲ್ಲಿ ಕೂತವರ ಮುಖ ನೋಡಿ. ಆದ್ದರಿಂದ ಸಿಬ್ಬಂದಿಯಿಂದಲೇ ಶುರು ಮಾಡೋಣ.

ಮೊದಲು ನಮ್ಮ ಪರೀಕ್ಷೆ

ಪಿಎಚ್‌ಸಿಯ ತಿಂಗಳ ಮೀಟಿಂಗಿನಲ್ಲಿ ಹತ್ತು ನಿಮಿಷ ತೆಗೆದಿಡಿ. ಪ್ರಶ್ನೆಪತ್ರಿಕೆ ಹಂಚಬೇಡಿ. ಪತ್ರಿಕೆಯಲ್ಲಿ ಎಲ್ಲರೂ ಸರಿ ಉತ್ತರ ಬರೆಯುತ್ತಾರೆ, ಮರುದಿನ ರೋಗಿಯ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿಯುತ್ತಾರೆ. ಬಾಯಿಮಾತಲ್ಲಿ ನಾಲ್ಕು ಪ್ರಶ್ನೆ ಕೇಳಿ: ರೋಗಿ ಉಂಡ ತಾಟಿನಿಂದ ಟಿಬಿ ಬರುತ್ತದಾ? ಕುತ್ತಿಗೆ ಗಂಟಿನ ಟಿಬಿ ಇದ್ದವರಿಂದ ಹರಡುತ್ತದಾ? ಬಾಣಂತಿಗೆ ಟಿಬಿ ಇದ್ದರೆ ಮಗುವಿಗೆ ಹಾಲು ಕುಡಿಸಬಹುದಾ? ಗುಳಿಗೆ ಶುರುವಾದ ಮೇಲೆ ಎಷ್ಟು ದಿನ ಸೋಂಕು ಹರಡುತ್ತದೆ?

ತಾಟು, ಬಟ್ಟೆ, ಕೈಕುಲುಕುವುದು, ಇವುಗಳಿಂದ ಬರುವುದಿಲ್ಲ. ಶ್ವಾಸಕೋಶದ ಅಥವಾ ಗಂಟಲಿನ ಟಿಬಿ ಇದ್ದವರು ಕೆಮ್ಮಿದಾಗ, ಸೀನಿದಾಗ ಗಾಳಿಗೆ ಸೇರುವ ರೋಗಾಣುವನ್ನು ಉಸಿರಿನ ಜೊತೆ ಒಳಗೆ ಎಳೆದುಕೊಂಡರೆ ಮಾತ್ರ ಬರುತ್ತದೆ. ಗಂಟು, ಬೆನ್ನುಮೂಳೆ, ಹೊಟ್ಟೆಯ ಟಿಬಿ ಸಾಮಾನ್ಯವಾಗಿ ಹರಡುವುದಿಲ್ಲ. ಆದರೆ ಅವರ ಶ್ವಾಸಕೋಶವೂ ಚೆನ್ನಾಗಿದೆಯೇ ಎಂದು ನೋಡಿರಬೇಕು. ತಾಯಿ ಮಾಸ್ಕ್ ಹಾಕಿಕೊಂಡು ಹಾಲು ಕುಡಿಸಲೇಬೇಕು. ಮಾಮೂಲಿ (ಔಷಧಿಗೆ ಬಗ್ಗುವ) ಟಿಬಿಗೆ ಸರಿಯಾದ ಔಷಧಿ ಬಿದ್ದ ಮೇಲೆ ಎರಡು-ಮೂರು ವಾರದಲ್ಲಿ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಮೂರನೇ ಪ್ರಶ್ನೆಯಲ್ಲಿ ನರ್ಸ್‌ಗಳೂ ತಡವರಿಸುವುದುಂಟು. ಅಲ್ಲಿ ನಿಂತು ಮಾತಾಡಿ, ಯಾರನ್ನೂ ನೋಡಿ ನಗಬೇಡಿ.

‘ನಮಗೆ ಬಿಸಿಜಿ ಆಗಿದೆ, ಬರೋದಿಲ್ಲ’ ಎನ್ನುವ ಧೈರ್ಯವೂ ಸಿಬ್ಬಂದಿಯಲ್ಲಿ ಉಂಟು. ಬಿಸಿಜಿ ಲಸಿಕೆ ಚಿಕ್ಕ ಮಕ್ಕಳಿಗೆ ಮಿದುಳು ಪೊರೆಯ ಟಿಬಿಯಂಥ ತೀವ್ರ ರೂಪಗಳಿಂದ ರಕ್ಷಣೆ ಕೊಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅದು ತಡೆಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಅತಿ ಧೈರ್ಯ, ಅತಿ ಹೆದರಿಕೆ ಎರಡಕ್ಕೂ ಮದ್ದು ಗಾಳಿಯೇ. ಓಪಿಡಿ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು, ರೋಗಿಯನ್ನು ದಾಟಿ, ಕಿಟಕಿಯಿಂದ ಹೊರಗೆ ಹೋಗುವಂತೆ ಕುರ್ಚಿ ತಿರುಗಿಸಿ. ಇದಕ್ಕೆ ಯಾವ ಅನುದಾನವೂ ಬೇಡ. ಕೆಮ್ಮುವವರಿಗೆ ಸಾದಾ ಸರ್ಜಿಕಲ್ ಮಾಸ್ಕ್, ಸಿಬ್ಬಂದಿಗೆ ಎನ್-95. ಸಾದಾ ಮಾಸ್ಕ್ ಹನಿಗಳು ಹೊರಗೆ ಹಾರದಂತೆ ತಡೆಯುತ್ತದೆ, ಗಾಳಿಯಲ್ಲಿ ತೇಲುವ ಸಣ್ಣ ಕಣವನ್ನು ಒಳಗೆ ಬಿಡದಂತೆ ಶೋಧಿಸುವುದು ಎನ್-95. ಮೂಗಿನ ಮೇಲಿನ ಪಟ್ಟಿ ಒತ್ತದಿದ್ದರೆ ಅದೂ ದಂಡ. ಮಾಸ್ಕ್ ಕೊಡುವಾಗ ‘ಹಾಕ್ಕೋ, ಇಲ್ಲಾಂದ್ರ ನಮಗೂ ಬರ್ತದ’ ಎನ್ನಬೇಡಿ. ‘ಕೆಮ್ಮಿದವರೆಲ್ಲರಿಗೂ ಕೊಡ್ತೀವ್ರಿ’ ಎನ್ನಿ. ನಿಜವಾಗಿಯೂ ಕೆಮ್ಮಿದವರೆಲ್ಲರಿಗೂ ಕೊಡಿ.

ಸಿಬ್ಬಂದಿಗೇ ಕೆಮ್ಮು ಎರಡು ವಾರ ದಾಟಿದರೆ? ಬಹಳ ಮಂದಿ ಮುಚ್ಚಿಡುತ್ತಾರೆ, ಖಾಸಗಿಯಾಗಿ ಬೇರೆ ಊರಲ್ಲಿ ಎಕ್ಸ್‌ರೇ ತೆಗೆಸುತ್ತಾರೆ. ತನ್ನ ಕಫ ತನ್ನ ದವಾಖಾನೆಯಲ್ಲೇ ಕೊಡಲು ನರ್ಸ್ ನಾಚುವ ಕಡೆ ರೋಗಿ ನಾಚದೆ ಕೊಡುತ್ತಾನೆ ಎಂದು ನಿರೀಕ್ಷಿಸುವುದು ತಪ್ಪು.

ಮನೆಯಲ್ಲಿ ಮಾತು ಶುರುಮಾಡುವುದು

‘ಟಿಬಿ ಗಾಳಿಯಿಂದ ಬರ್ತದ, ಗೊತ್ತೈತಿಲ್ರಿ?’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಎನ್ನುತ್ತಾರೆ. ಆ ‘ಹೂಂ’ನಿಂದ ನಿಮಗೆ ಏನೂ ತಿಳಿಯುವುದಿಲ್ಲ. ‘ಯಕ್ಕಾ, ಈ ಜಡ್ಡು ಎದರಿಂದ ಬಂತು ಅನಸ್ತೈತಿ ನಿಮಗ?’ ಎಂದು ಕೇಳಿ ಸುಮ್ಮನಿರಿ. ಉತ್ತರ ಬರುವ ತನಕ ನೀವು ಬಾಯಿ ಬಿಡಬೇಡಿ. ಬರುವ ಉತ್ತರಗಳು ಹೆಚ್ಚುಕಡಿಮೆ ಇವೇ: ಬೀಡಿ, ಉಷ್ಣ, ಧೂಳು, ಮನೆತನದ್ದು, ಯಾರೋ ಮಾಡಿಸಿದ್ದು.

ಯಾವುದನ್ನೂ ‘ಸುಳ್ಳು’ ಎಂದು ತಳ್ಳಬೇಡಿ. ಮನೆತನದ್ದು ಎಂದರೆ, ‘ಖರೆ, ಒಂದ ಮನ್ಯಾಗ ಇಬ್ಬರು ಮೂವರಿಗೆ ಬರ್ತದ. ರಕ್ತದಾಗ ಬರಂಗಿಲ್ಲ, ಒಂದ ಕೋಣ್ಯಾಗ ಒಂದ ಗಾಳಿ ಕುಡೀತೀವಲ್ಲ, ಅದಕ್ಕ’ ಎನ್ನಿ. ಮಾಟ ಎಂದರೆ ವಾದಕ್ಕೆ ಇಳಿಯಬೇಡಿ. ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರೆ ಹೊರಲಿ, ಗುಳಿಗೆ ಮಾತ್ರ ದಿನಾ ನುಂಗಲಿ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನೀವು ಸೋಲುತ್ತೀರಿ. ಬೀಡಿ ಎಂದರೆ, ಬೀಡಿ ರೋಗಾಣುವನ್ನು ತರುವುದಿಲ್ಲ, ಆದರೆ ಶ್ವಾಸಕೋಶದ ಬಲ ಕುಂದಿಸಿ ಅದಕ್ಕೆ ದಾರಿ ಮಾಡಿಕೊಡುತ್ತದೆ. ಬೀಡಿ ಸೇದದ ಹೆಂಗಸಿಗೂ ಬಂದಿರುವುದನ್ನು ಅದೇ ಓಣಿಯಲ್ಲಿ ಅವರೇ ನೋಡಿರುತ್ತಾರೆ.

ಧೂಳಿನ ವಿಷಯಕ್ಕೆ ಬಂದರೆ ಕಿವಿ ನೆಟ್ಟಗೆ ಮಾಡಿ. ಈ ಭಾಗದಲ್ಲಿ ಅದು ಅರ್ಧ ಸತ್ಯ. ಹಟ್ಟಿಯ ಚಿನ್ನದ ಗಣಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಕಲ್ಲು ಒಡೆಯುವ ಕ್ರಷರ್, ಇಂಥಲ್ಲಿ ವರ್ಷಗಟ್ಟಲೆ ದುಡಿದವರ ಶ್ವಾಸಕೋಶದಲ್ಲಿ ಸಿಲಿಕಾ ಧೂಳು ಕೂತು ಸಿಲಿಕೋಸಿಸ್ ಆಗಬಹುದು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು. ಎರಡೂ ಎಕ್ಸ್‌ರೇಯಲ್ಲಿ ಒಂದರಂತೆ ಇನ್ನೊಂದು ಕಂಡು ಗೊಂದಲವೂ ಆಗುತ್ತದೆ. ಆದ್ದರಿಂದ ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಎಂದು ಕೇಳಿ ಕಾರ್ಡಿನಲ್ಲಿ ಬರೆದು ವೈದ್ಯರಿಗೆ ತೋರಿಸಿ. ‘ಧೂಳಿಂದ ಏನೂ ಆಗಂಗಿಲ್ಲ’ ಎಂದು ಒಮ್ಮೆ ಹೇಳಿದರೆ ಕ್ವಾರಿಯವನು ನಿಮ್ಮ ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಕೋಣೆಗಳ ಸಮಸ್ಯೆ ಬೇರೆ. ಅಲ್ಲಿ ಕೇಳಬೇಕಾದದ್ದು ಒಂದು ಕೋಣೆಯಲ್ಲಿ ಎಷ್ಟು ಮಂದಿ, ಕಿಟಕಿ ತೆರೆದಿರುತ್ತದಾ ಎಂದು.

ಇನ್ನೊಂದು: ಹೆಚ್ಚಿನವರು ಮೊದಲು ಊರಿನ ಆರ್‌ಎಂಪಿ (ಪದವಿಯಿಲ್ಲದ ಡಾಕ್ಟರ್) ಹತ್ತಿರ ಹೋಗಿರುತ್ತಾರೆ. ಇಂಜೆಕ್ಷನ್, ಸಲೈನ್, ಕೆಮ್ಮಿನ ಸಿರಪ್ ಮುಗಿಸಿ ಬಂದಿರುತ್ತಾರೆ. ಲಿವೋಫ್ಲಾಕ್ಸಸಿನ್‌ನಂಥ ಔಷಧಿ ಬಿದ್ದಿದ್ದರೆ ಕೆಲ ದಿನ ಕೆಮ್ಮು, ಜ್ವರ ತಗ್ಗಿ ಟಿಬಿ ಮರೆಯಾಗಿರುತ್ತದೆ, ಆಮೇಲೆ ಮತ್ತೆ ಬರುತ್ತದೆ. ‘ಇಷ್ಟ ದಿನ ಏನ್ ಮಾಡ್ತಿದ್ದಿ?’ ಎಂದು ಬೈಯಬೇಡಿ. ಯಾವ ಗುಳಿಗೆ ತಿಂದರು ಎಂದು ಗುಳಿಗೆಯ ಖಾಲಿ ಪಟ್ಟಿ (ಸ್ಟ್ರಿಪ್) ಕೇಳಿ ನೋಡಿ. ಬೈದರೆ ಪಟ್ಟಿ ತೋರಿಸುವುದಿಲ್ಲ.

ಕಫ ತೆಗೆಯುವುದು: ಹೆಚ್ಚು ಕೆಡುವುದು ಇಲ್ಲೇ

ಎರಡು ಮಾದರಿ ಬೇಕು. ಒಂದು ಅಲ್ಲೇ ಕೂಡಲೇ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದಕೂಡಲೇ. ಪ್ರತಿಯೊಂದೂ 2ರಿಂದ 5 ಮಿಲಿ. ಜೊಲ್ಲು ಬಂದರೆ ಪರೀಕ್ಷೆ ‘ಇಲ್ಲ’ ಎನ್ನುತ್ತದೆ, ರೋಗ ಇದ್ದೇ ಇರುತ್ತದೆ. ಗಟ್ಟಿಯಾದ, ಹಳದಿ ಅಥವಾ ಬಿಳಿ ಕಫ ಇರಬೇಕು.

ಗುಟ್ಕಾ, ಎಲೆಅಡಿಕೆ ಹಾಕುವವರಿಗೆ ಮೊದಲು ಬರೀ ನೀರಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಲು ಹೇಳಿ. ಇಲ್ಲದಿದ್ದರೆ ಕೆಂಪು ಬಣ್ಣ ನೋಡಿ ರಕ್ತ ಎಂದು ಅವರೂ ಹೆದರುತ್ತಾರೆ, ನೀವೂ ಗೊಂದಲ ಪಡುತ್ತೀರಿ. ಆಮೇಲೆ ಎರಡು-ಮೂರು ಸಲ ದೀರ್ಘ ಉಸಿರು ಎಳೆದು, ಒಂದು ಕ್ಷಣ ಹಿಡಿದು, ಎದೆಯಾಳದಿಂದ ಕೆಮ್ಮಬೇಕು. ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಿ. ಹೆಂಗಸರ ಡಬ್ಬಿಯಲ್ಲಿ ಬಹಳ ಸಲ ಜೊಲ್ಲೇ ಇರುವುದಕ್ಕೆ ಕಾರಣ ಅವರಿಗೆ ತಿಳಿಯದಿರುವುದಲ್ಲ. ಮಾವ, ಮೈದುನ ಕೂತಿರುವ ಅಂಗಳದಲ್ಲಿ ಜೋರಾಗಿ ಕ್ಯಾಕರಿಸುವುದು ಅವರಿಂದ ಆಗದು. ಹಿತ್ತಲಿಗೆ ಕರೆದುಕೊಂಡು ಹೋಗಿ, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವಂತೆ ನಿಂತು, ಮುಖ ಆಚೆ ತಿರುಗಿಸಿ. ಬಚ್ಚಲು, ಪಾಯಖಾನೆ, ಮುಚ್ಚಿದ ಕೋಣೆಯಲ್ಲಿ ಮಾತ್ರ ಕಫ ತೆಗೆಸಬೇಡಿ. ಅಲ್ಲಿಯ ಗಾಳಿ ಮುಂದಿನವರಿಗೆ ಉಳಿಯುತ್ತದೆ.

ಹೆಸರು, ದಿನಾಂಕ, ಗುರುತಿನ ಸಂಖ್ಯೆಯನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಪೂರ್ತಿ ಬೆಂದ ಮಾದರಿಯಿಂದ ಪ್ರಯೋಜನವಿಲ್ಲ. ಐಸ್ ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆಯಂಥದ್ದರಲ್ಲಿ (ಲಸಿಕೆಯ ಪೆಟ್ಟಿಗೆಯಲ್ಲೇ ಅಲ್ಲ) ಅದೇ ದಿನ ಕಳಿಸಿ. ತಡವಾದರೆ 2ರಿಂದ 8 ಡಿಗ್ರಿಯಲ್ಲಿಡಿ. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಎರಡನ್ನೂ ಹೇಳುತ್ತದೆ. ನಮ್ಮ ದೇಶದ್ದೇ ಆದ ಟ್ರೂನಾಟ್‌ ಕೂಡ ಅದೇ ಕೆಲಸ ಎರಡು ಹಂತದಲ್ಲಿ ಮಾಡುತ್ತದೆ. ಯಂತ್ರ ಎರಡು ಗಂಟೆಯಲ್ಲಿ ಹೇಳಿದ್ದು ರೋಗಿಗೆ ವಾರವಾದರೂ ಮುಟ್ಟದಿದ್ದರೆ ತಪ್ಪು ಯಂತ್ರದ್ದಲ್ಲ.

ಫಲಿತಾಂಶ ಹೇಳುವ ರೀತಿ

ಒಬ್ಬರಿಗೇ, ಕೂರಿಸಿ, ಹೆಸರು ಕೂಗದೆ. ಜೊತೆಗೆ ಯಾರಿರಬೇಕು ಎಂದು ಅವರನ್ನೇ ಕೇಳಿ. ಗಂಡನಿಗೆ ಮೊದಲು ಹೇಳಿ ಹೆಂಡತಿಗೆ ಆಮೇಲೆ ಹೇಳುವ ರೂಢಿ ಬಿಡಬೇಕು. ಮದುವೆಯಾದ ಹೊಸದರಲ್ಲಿ ಇದರಿಂದಲೇ ತವರಿಗೆ ಅಟ್ಟುವುದು ಶುರುವಾಗುತ್ತದೆ.

ಮೂರು ಮಾತು ಸಾಕು: ‘ನಿಮಗ ಟಿಬಿ ಐತಿ. ಇದು ವಾಸಿ ಆಗ್ತೈತಿ. ಆರು ತಿಂಗಳ ದಿನಾ ಗುಳಿಗಿ ತಗೋಬೇಕು.’ ಉಳಿದದ್ದು ಆ ದಿನ ತಲೆಗೆ ಹೋಗುವುದಿಲ್ಲ, ಮೂರು ದಿನ ಬಿಟ್ಟು ಹೋಗಿ ಹೇಳಿ. ‘ಯಾರಿಗೂ ಹೇಳಬ್ಯಾಡ್ರಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳುವವರಿದ್ದಾರೆ. ಅದು ಕೆಟ್ಟ ಸಲಹೆ. ಹೇಳಬಾರದಂಥ ಜಡ್ಡು ಎಂದು ನೀವೇ ಮುದ್ರೆ ಒತ್ತಿದಂತಾಯಿತು. ‘ಯಾರಿಗೆ ಹೇಳಬೇಕು ಅಂಬೋದು ನಿಮ್ಮ ಇಷ್ಟ, ನಮ್ಮ ಬಾಯಿಂದ ಹೊರಗ ಹೋಗಂಗಿಲ್ಲ’ ಎನ್ನಿ.

ನೀವು ಪದೇಪದೇ ಒಂದೇ ಮನೆಗೆ ಹೋದರೆ ಓಣಿಗೆಲ್ಲ ಗೊತ್ತಾಗುತ್ತದೆ. ಹಾದಿಯಲ್ಲಿ ಬಾಣಂತಿಯ ಮನೆ, ಬಿಪಿ-ಶುಗರ್ ಅಜ್ಜಿಯ ಮನೆಗಳಿಗೂ ಹೋಗಿ. ಟಿಬಿ ಎಂದು ಅಚ್ಚಾದ ಚೀಲ ಹೆಗಲಿಗೆ ಹಾಕಿಕೊಂಡು ತಾಂಡಾದೊಳಗೆ ನಡೆಯಬೇಡಿ. ದಿನಾ ಗುಳಿಗೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ರೋಗಿಯೇ ಆರಿಸಲಿ. ಆಶಾ ಅಕ್ಕನೇ ಆಗಬೇಕೆಂದಿಲ್ಲ, ಪಕ್ಕದ ಮನೆಯ ಓದಿದ ಹುಡುಗಿಯಾದರೂ ಆದೀತು.

ತಾಟು ಬೇರೆ ಮಾಡಿದ ಅತ್ತೆಯನ್ನು ಗದರಬೇಡಿ, ಆಕೆಗೆ ಮೊಮ್ಮಕ್ಕಳ ಚಿಂತೆ. ಆ ಚಿಂತೆಗೆ ಬೇರೆ ಕೆಲಸ ಕೊಡಿ. ಮಾಳಿಗೆ ಮನೆಯ ಬೆಳಕಿಂಡಿಗೆ ಮಳೆಗಾಲದಲ್ಲಿ ತುರುಕಿದ ಗೋಣಿಚೀಲ ತೆಗೆಸಿ. ಮೊದಲ ಕೆಲ ವಾರ ರೋಗಿ ಅಂಗಳದಲ್ಲೋ ಮಾಳಿಗೆ ಮೇಲೋ ಮಲಗಲಿ. ಈ ಕಡೆ ಬೇಸಿಗೆಯಲ್ಲಿ ಎಲ್ಲರೂ ಹೊರಗೇ ಮಲಗುವುದರಿಂದ ಅದು ಬಹಿಷ್ಕಾರದಂತೆ ಕಾಣುವುದಿಲ್ಲ. ಕೆಮ್ಮುವಾಗ ಬಾಯಿಗೆ ಟವೆಲ್ ಅಥವಾ ಸೆರಗು ಅಡ್ಡ ಇರಲಿ, ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ಉಗುಳಿ ಸುಡಬೇಕು ಇಲ್ಲವೇ ಹೂಳಬೇಕು. ಇಷ್ಟು ಮಾಡಿದವರು ತಾಟಿನ ಗೊಡವೆ ತಾವಾಗೇ ಬಿಡುತ್ತಾರೆ.

ಗುಳಿಗೆ

ಎಷ್ಟು ಗುಳಿಗೆ ಎಂಬುದು ತೂಕದ ಮೇಲೆ. ದೊಡ್ಡವರಿಗೆ 25ರಿಂದ 34 ಕಿಲೋ ಇದ್ದರೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು, 65ರಿಂದ 75ಕ್ಕೆ ಐದು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಕೂಡಿದ ಗುಳಿಗೆ, ಆಮೇಲಿನ ನಾಲ್ಕು ತಿಂಗಳು ಮೂರು ಔಷಧಿಯದು. ಅಷ್ಟನ್ನೂ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ನುಂಗಬೇಕು. ಬೆಳಿಗ್ಗೆ ಒಂದು, ರಾತ್ರಿ ಎರಡು ಎಂದು ಹಂಚಿಕೊಂಡು ತಿನ್ನುವವರಿದ್ದಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಔಷಧಿಯ ಮಟ್ಟ ಬೇಕಾದಷ್ಟು ಏರುವುದಿಲ್ಲ. ತಿಂಗಳಿಗೊಮ್ಮೆ ತೂಕ ನೋಡಿ. 47 ಕಿಲೋದವರು 53ಕ್ಕೆ ಏರಿದರೆ ಗುಳಿಗೆ ಬದಲಾಗಬೇಕೇ ಎಂದು ವೈದ್ಯರನ್ನು ಕೇಳಿ.

ಮೊದಲ ದಿನವೇ ಹೇಳಲೇಬೇಕಾದದ್ದು ಉಚ್ಚೆ ಕಿತ್ತಳೆ-ಕೆಂಪಾಗುವ ವಿಷಯ. ಅದು ರಿಫಾಂಪಿಸಿನ್ ಬಣ್ಣ, ತೊಂದರೆಯಿಲ್ಲ. ಹೇಳದಿದ್ದರೆ ‘ರಕ್ತ ಹೊಂಟೈತಿ’ ಎಂದು ಎರಡನೇ ದಿನಕ್ಕೇ ಗುಳಿಗೆ ಹಳ್ಳಕ್ಕೆ ಬೀಳುತ್ತವೆ. ವಾಕರಿಕೆ ಬಂದರೆ ಸ್ವಲ್ಪ ತಿಂದು ನುಂಗಲಿ. ಕೀಲುನೋವು, ಕಾಲು ಜುಮುಜುಮು ಎನ್ನುವುದಕ್ಕೆ ವೈದ್ಯರಲ್ಲಿ ಉಪಾಯವಿದೆ, ಗುಳಿಗೆ ಬಿಡಬೇಕಿಲ್ಲ. ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ದೃಷ್ಟಿ ಮಂಜಾದರೆ ಅಥವಾ ಕೆಂಪು-ಹಸಿರು ಬಣ್ಣ ಗುರುತು ಸಿಗದಿದ್ದರೆ ಗುಳಿಗೆ ನಿಲ್ಲಿಸಿ ಅದೇ ದಿನ ದವಾಖಾನೆಗೆ ಕರೆತನ್ನಿ.

ಹೆಂಗಸರಿಗೆ ಹೇಳಲು ಬಹಳ ಮಂದಿ ಮರೆಯುವ ಮಾತೊಂದಿದೆ: ರಿಫಾಂಪಿಸಿನ್ ಇರುವಾಗ ಗರ್ಭ ತಡೆಯುವ ಮಾಲಾ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾಪರ್-ಟಿ ಅಥವಾ ನಿರೋಧ್ ಬಗ್ಗೆ ಮಾತಾಡಿ. ರಂಜಾನ್ ಉಪವಾಸ ಹಿಡಿಯುವವರು ದಿನಕ್ಕೊಮ್ಮೆಯ ಗುಳಿಗೆಯನ್ನು ಸಹರಿ ಹೊತ್ತಿಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಲಿ. ಕೇಳದೆ ಬಿಟ್ಟರೆ ಒಂದು ತಿಂಗಳೇ ಹೋಗುತ್ತದೆ. ಎಚ್‌ಐವಿ, ಶುಗರ್ ಪರೀಕ್ಷೆ ಎಲ್ಲ ಟಿಬಿ ರೋಗಿಗಳಿಗೂ ಆಗಬೇಕು. ‘ಎಲ್ಲಾರಿಗೂ ಮಾಡ್ತೀವಿ’ ಎಂದು ಮೊದಲೇ ಹೇಳಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಗುಳೆ ಮತ್ತು ಎರಡನೇ ತಿಂಗಳು

ಗುಳಿಗೆ ನಿಲ್ಲಲು ಎರಡು ದೊಡ್ಡ ಕಾರಣ. ಎರಡನೇ ತಿಂಗಳಿಗೆ ಮೈ ಹಗುರಾಗಿ, ಜ್ವರ ಬಿಟ್ಟು, ಹಸಿವು ಬರುತ್ತದೆ. ವಾಸಿಯಾಯಿತು ಎನಿಸುತ್ತದೆ. ಇದನ್ನು ಮೊದಲ ವಾರವೇ ಮುಂಚಿತವಾಗಿ ಹೇಳಿ: ‘ಎರಡು ತಿಂಗಳಿಗೆ ನಿಮಗ ಆರಾಮ ಅನಸ್ತೈತಿ, ಆಗ ಬಿಟ್ಟರ ಮತ್ತ ಬರ್ತೈತಿ, ಆಮ್ಯಾಲೆ ಈ ಗುಳಿಗಿ ಕೇಳದೆ ಹೋಗಬಹುದು.’ ಮುಂಚೆ ಹೇಳಿದ್ದು ನಿಜವಾದಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಗುಳೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದಿಂದ ಬೆಂಗಳೂರು, ಗೋವಾ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರನ್ನು ‘ಹೋಗಬ್ಯಾಡ್ರಿ’ ಎಂದರೆ ಕೇಳುವುದಿಲ್ಲ. ನಿಮಗೆ ತಿಳಿಸದೆ ಹೋಗುತ್ತಾರೆ, ಅಷ್ಟೇ. ಮೊದಲ ಭೇಟಿಯಲ್ಲೇ ‘ಗುಳೆ ಯಾವಾಗ, ಯಾವ ಊರಿಗೆ, ಮೇಸ್ತ್ರಿ ಯಾರು?’ ಎಂದು ಕೇಳಿಡಿ. ನಿಕ್ಷಯ್ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ) ಗುರುತಿನ ಸಂಖ್ಯೆ ಮತ್ತು ಚಿಕಿತ್ಸೆ ಕಾರ್ಡಿನ ಫೋಟೋ ರೋಗಿಯ ಫೋನಿನಲ್ಲೂ, ಜೊತೆ ಹೋಗುವ ಒಬ್ಬರ ಫೋನಿನಲ್ಲೂ ಇರಲಿ. ಹೊರಡುವ ಮುಂಚೆ ಕೈಗೆ ಗುಳಿಗೆ ಕೊಡಿಸಿ, ಆ ಊರಿನ ಕೇಂದ್ರಕ್ಕೆ ನಿಕ್ಷಯ್‌ನಲ್ಲಿ ವರ್ಗಾಯಿಸಲು ಎಸ್‌ಟಿಎಸ್‌ಗೆ (ಟಿಬಿ ಚಿಕಿತ್ಸೆಯ ಹಿರಿಯ ಮೇಲ್ವಿಚಾರಕರಿಗೆ) ತಿಳಿಸಿ. ದಾರಿ ತಪ್ಪಿದರೆ 1800-11-6666 ನಿಕ್ಷಯ್ ಸಂಪರ್ಕದ ಪುಕ್ಕಟೆ ಸಂಖ್ಯೆ.

ದುಡ್ಡು, ಊಟ

ಟಿಬಿ ರೋಗಿಯ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಕಂತಿನಲ್ಲಿ ಬರುತ್ತದೆ: ರೋಗ ಗೊತ್ತಾದಾಗ 3,000, ಚಿಕಿತ್ಸೆ 84 ದಿನ ಮುಗಿದ ಮೇಲೆ 3,000. ಹಣ ನಿಂತರೆ ಕಾರಣ ಬಹಳ ಸಲ ಬ್ಯಾಂಕಿನಲ್ಲೇ ಇರುತ್ತದೆ: ಬಳಸದೆ ಸತ್ತ ಜನಧನ್ ಖಾತೆ, ಆಧಾರ್‌ನಲ್ಲಿ ಒಂದು ಹೆಸರು ಪಾಸ್‌ಬುಕ್‌ನಲ್ಲಿ ಇನ್ನೊಂದು, ಆಧಾರ್ ಬೇರೆ ಯಾವುದೋ ಖಾತೆಗೆ ಜೋಡಣೆ. ಇಂಥ ದಿನ ಬರುತ್ತದೆ ಎಂದು ಮಾತು ಕೊಡಬೇಡಿ. ಮಾತು ತಪ್ಪಿದರೆ ಸಿಟ್ಟು ಗುಳಿಗೆಯ ಮೇಲೆ ತಿರುಗುತ್ತದೆ.

ಶೇಂಗಾ ತಿಂದರೆ ಕೆಮ್ಮು, ಮೊಸರು ತಿಂದರೆ ಕಫ ಎಂದು ಇರುವ ಪೌಷ್ಟಿಕ ಊಟವನ್ನೇ ನಿಲ್ಲಿಸುವ ಮನೆಗಳಿವೆ. ರೊಟ್ಟಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ತಿನ್ನುವವರಿಗೆ ದಿನಕ್ಕೊಂದು ತತ್ತಿ. ದುಬಾರಿ ಪ್ರೋಟೀನ್ ಪುಡಿ ಬೇಕಿಲ್ಲ. ಜಾರ್ಖಂಡಿನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನದಲ್ಲಿ ರೋಗಿಯ ಮನೆಮಂದಿಗೆ ಆಹಾರ ಧಾನ್ಯ ಕೊಟ್ಟಾಗ ಅವರಲ್ಲಿ ಹೊಸ ಟಿಬಿ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಊಟದ ಮಾತನ್ನು ಕೊನೆಯ ನಿಮಿಷಕ್ಕೆ ತಳ್ಳದಿರಲು ಇಷ್ಟು ಸಾಕು.

ಮನೆಯ ಉಳಿದವರು

ಒಂದೇ ಸೂರಿನಡಿ ಇರುವ ಎಲ್ಲರನ್ನೂ ತಪಾಸಣೆ ಮಾಡಿಸಬೇಕು, ಐದು ವರ್ಷದೊಳಗಿನ ಮಕ್ಕಳನ್ನು ಎಲ್ಲರಿಗಿಂತ ಮೊದಲು. ಟಿಬಿ ಇಲ್ಲ ಎಂದು ಖಾತ್ರಿಯಾದವರಿಗೆ ತಡೆ ಚಿಕಿತ್ಸೆ ಇದೆ: ಐಸೋನಿಯಾಜಿಡ್ ದಿನಾ ಆರು ತಿಂಗಳು, ಅಥವಾ ವಾರಕ್ಕೊಮ್ಮೆಯಂತೆ 12 ವಾರ ಎರಡು ಔಷಧಿ. ‘ಜಡ್ಡ ಇಲ್ಲಂದ್ರ ಗುಳಿಗಿ ಯಾಕ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ರೋಗಾಣು ಬೂದಿಯೊಳಗಿನ ಕೆಂಡದಂತೆ ಒಳಗೆ ಸುಮ್ಮನೆ ಇರಬಹುದು, ಗಾಳಿ ಬೀಸಿದಾಗ ಹೊತ್ತೀತು, ಈಗಲೇ ಆರಿಸುತ್ತಿದ್ದೇವೆ ಎಂದು ಹೇಳಿ. ತಪಾಸಣೆ ಮಾಡದೆ ಮಾತ್ರ ಯಾರಿಗೂ ಕೊಡಬೇಡಿ. ಟಿಬಿ ಇದ್ದವರಿಗೆ ಒಂದೇ ಔಷಧಿ ಬಿದ್ದರೆ ಅದಕ್ಕೆ ಬಗ್ಗದ ಟಿಬಿ ಬೆಳೆಯುತ್ತದೆ.

ಎರಡನೇ ತಿಂಗಳ ಕೊನೆಗೆ ಮತ್ತು ಚಿಕಿತ್ಸೆ ಮುಗಿದಾಗ ಕಫ ಪರೀಕ್ಷೆ. ಎರಡನೇ ತಿಂಗಳ ಪರೀಕ್ಷೆಗೆ ಬಂದವರಿಗೆ ಮೊದಲ ಭೇಟಿಯ ಪ್ರಶ್ನೆಯನ್ನೇ ಮತ್ತೆ ಕೇಳಿ, ಎದರಿಂದ ಬಂತು ಅನಸ್ತೈತಿ ಎಂದು. ಉತ್ತರ ಬದಲಾಗದಿದ್ದರೆ ಎಲ್ಲಿ ಹೇಳಿದ್ದು ಹತ್ತಲಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಗುಳಿಗೆ ಮುಗಿದ ಮೇಲೆ 6, 12, 18, 24ನೇ ತಿಂಗಳಿಗೆ ತಪಾಸಣೆ ಇದೆ. ದಿನಾಂಕಗಳನ್ನು ಚಿಕಿತ್ಸೆ ಮುಗಿದ ದಿನವೇ ರಿಜಿಸ್ಟರಿನಲ್ಲಿ ಬರೆದಿಡಿ. ಗುಳೆ ಹೋದವರನ್ನು ಯುಗಾದಿಗೆ ಊರಿಗೆ ಬಂದಾಗ ಹಿಡಿಯಿರಿ.